ಊಟದಮ್ಮ ಮುಪ್ಪಿಗೆ ಮಾಡಿಕೊಂಡ ಏರ್ಪಾಟು

ಆಕೆಯ ಬಲತೋಳು ಎಡತೋಳಿಗಿಂತ ದಪ್ಪ. ದಿನಕ್ಕೆ ನೂರಕ್ಕೆ ಕಮ್ಮಿಯಿಲ್ಲದಂತೆ ರಾಗಿಮುದ್ದೆ ತಿರುವಿ ತಿರುವಿ ಹಾಗಾಗಿತ್ತು. ರವಿಕೆ ಹೊಲಿಯುವವನು ಬಲದ ತೋಳಿಗೆ ಎರಡು ಬೆರಳಷ್ಟು ಬಟ್ಟೆ ಹೆಚ್ಚು ಬಿಡಬೇಕಾಗುತ್ತಿತ್ತು. ಮರೆತು ಎರಡೂ ತೋಳು ಸಮ ಹೊಲಿದರೆ ಆಕೆ ಜಗಳ ತೆಗೆಯುತ್ತಿರಲಿಲ್ಲ. ಅವನೆದುರಿಗೇ ತೋಳು ಮಡಿಸಿ, ಹೊಲಿಗೆ ಪಟಪಟನೆ ಬಿಚ್ಚಿಕೊಳ್ಳುವುದನ್ನು ತೋರಿಸಿ ನಗುತ್ತಿದ್ದಳು. ಮೊಳಕೈಯಿಂದ ಕೆಳಗೆ ಬೆಂಕಿಯ ಝಳಕ್ಕೆ ರೋಮವೆಲ್ಲ ಸುಟ್ಟು ಚರ್ಮ ತಾಮ್ರದ ಚೊಂಬಿನಂತೆ ನುಣ್ಣಗೆ ಹೊಳೆಯುತ್ತಿತ್ತು.

ನಾನು ಆಕೆಯನ್ನು ಕಂಡದ್ದು ಹಿರಿಯೂರಿನ ಹತ್ತಿರ ಮಾರಿಕಣಿವೆಯಲ್ಲಿ ವೇದಾವತಿ ಹೊಳೆಗೆ ಅಡ್ಡಲಾಗಿ ಕಟ್ಟೆ ಕಟ್ಟುತ್ತಿದ್ದ ಕಾಲದಲ್ಲಿ. ಎರಡು ಗುಡ್ಡಗಳ ನಡುವೆ ಕಲ್ಲಿನ ಗೋಡೆ ತಿಂಗಳು ತಿಂಗಳಿಗೆ ಮೇಲೇಳುತ್ತಿತ್ತು. ಗಾರೆ ಅರೆಯುವ ಗಾಣಗಳ ಕಿರ್ರೆನ್ನುವ ಸದ್ದು, ಕಲ್ಲು ಒಡೆಯುವ ಸುತ್ತಿಗೆಗಳು, ಸುಣ್ಣದ ಗೂಡುಗಳ ಹೊಗೆ, ಸಾಲುಗಟ್ಟಿ ಬರುವ ಎತ್ತಿನ ಗಾಡಿಗಳು, ಎಲ್ಲೆಲ್ಲಿಂದಲೋ ಬಂದ ಸಾವಿರಾರು ಜನ. ಹೊಳಲ್ಕೆರೆಯ ಆಚೆ ಏನನ್ನೂ ನೋಡದಿದ್ದ ನನಗೆ ಅದೊಂದು ದೊಡ್ಡ ದಂಡು ಬೀಡುಬಿಟ್ಟಂತೆ ಕಾಣಿಸಿತ್ತು. ಇಪ್ಪತ್ತೆರಡು ವಯಸ್ಸು, ಹಾಜರಿ ಗುಮಾಸ್ತನ ಕೆಲಸ, ತಿಂಗಳಿಗೆ ಹನ್ನೆರಡು ರೂಪಾಯಿ ಸಂಬಳ. ಬೆಳಿಗ್ಗೆ, ಮಧ್ಯಾಹ್ನ ಕೂಲಿಗಳ ಹೆಸರು ಕೂಗಿ ಗುರುತು ಹಾಕಿದರೆ ನಾನೇ ಆ ಕಟ್ಟೆಯನ್ನು ಕಟ್ಟುತ್ತಿದ್ದೇನೆ ಎಂಬ ಹಮ್ಮು.

ನಮ್ಮಂಥ ಒಂಟಿ ಗಂಡಸರಿಗೆ ಊಟ ಹಾಕುತ್ತಿದ್ದವಳು ಆಕೆ. ಊರು ಧರ್ಮಪುರ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಕಟ್ಟೆಗೆ ಮೊದಲ ಕಲ್ಲು ಇಟ್ಟ ವರ್ಷವೇ ಒಂದು ಗಾಡಿ ರಾಗಿ, ಎರಡು ದೊಡ್ಡ ಹರಿವಾಣ, ನಾಲ್ಕು ಮಡಕೆ ತಂದು, ಸೋಗೆಯ ಚಪ್ಪರದಡಿ ಒಲೆ ಹೂಡಿದ್ದಳಂತೆ. ನಾನು ಹೋದಾಗ ಆಕೆಗೆ ನಲವತ್ತೈದರ ಆಸುಪಾಸು. ಎಲ್ಲರೂ ಊಟದಮ್ಮ ಎನ್ನುತ್ತಿದ್ದರು.

ಮೊದಲ ತಿಂಗಳ ಊಟದ ದುಡ್ಡು ನಾಲ್ಕು ರೂಪಾಯಿ ಎಣಿಸಿ ಕೊಟ್ಟೆ. ಆಕೆ ಅಂಗೈಯಲ್ಲಿ ಹಿಡಿದು ನೋಡಿದಳು.

"ಲೇ ಗುಮಾಸ್ತ, ಎಂಟಾಣೆ ಕಮ್ಮಿ ಐತೆ."

"ನಾಲ್ಕೇ ಅಂದಿದ್ರಲ್ಲಮ್ಮ?"

"ನಾಲ್ಕು ನಿಂದು. ಎಂಟಾಣೆ ಆ ಮುದುಕಂದು."

"ಯಾವ ಮುದುಕ?"

"ಅರವತ್ತು ವರ್ಷದ ಮುದುಕ. ಹಲ್ಲು ಉದುರ್ಯಾವೆ, ಕಣ್ಣು ಮಂಜಾಗೈತೆ, ಹಾಜರಿ ಕೂಗಾಕೆ ಗಂಟಲಿಲ್ಲ. ಮೂಗು ಮಾತ್ರ ನಿಂದೇ. ಅವ್ನಿಗೂ ಹೊಟ್ಟೆ ಹಸೀತೈತೆ ಕಣಪ್ಪ. ನೀನು ಕೊಡದಿದ್ರೆ ಅವ್ನಿಗೆ ಇನ್ಯಾರು ಕೊಡ್ತಾರೆ?"

ಪಕ್ಕದಲ್ಲಿ ಉಣ್ಣುತ್ತಿದ್ದ ದುರ್ಗದ ಕಲ್ಲುಮೇಸ್ತ್ರಿ ಗಹಗಹಿಸಿ ನಕ್ಕ. "ಕೊಟ್ಬಿಡ್ರಿ ಗುಮಾಸ್ತ್ರೇ. ನನ್ನ ಮುದುಕ ಎರಡು ವರ್ಷದಿಂದ ಇಲ್ಲೇ ತಿಂತಾ ಅವ್ನೆ. ಎಂಟಾಣೆ ಕೊಡದಿದ್ರೆ ಸಾರಿಗೆ ಉಪ್ಪು ಬೀಳಲ್ಲ."

ನಾನು ಇದು ದುಡ್ಡು ಕೀಳುವ ಹೊಸ ಬಗೆ ಎಂದುಕೊಂಡೆ. ಆದರೆ ಸಂಬಳ ಬಟವಾಡೆಯ ಮರುದಿನ ರಜೆ. ಅವತ್ತು ಬೆಳಿಗ್ಗೆ ಆಕೆ ಹೊಸದಾಗಿ ಸೇರಿದ ನಮ್ಮ ನಾಲ್ವರನ್ನು ಮುಂದೆ ಹಾಕಿಕೊಂಡು ಹಿರಿಯೂರಿಗೆ ಹೊರಟಳು. "ಹೋಗಾಣ ನಡೀರಿ, ಬಿಸಿಲೇರೋಕೆ ಮುಂಚೆ." ಹೋದದ್ದು ಅಂಚೆ ಕಚೇರಿಗೆ. ಅಲ್ಲಿ ನಮ್ಮ ನಮ್ಮ ಹೆಸರಿನಲ್ಲೇ ಉಳಿತಾಯದ ಪುಸ್ತಕ ತೆಗೆಸಿದಳು. ದುಡ್ಡು ಆಕೆಯ ಕೈಗೆ ಹೋಗಲೇ ಇಲ್ಲ. ಪುಸ್ತಕ ಮಾತ್ರ ಆಕೆಯ ಬಳಿ. ಆಕೆಗೆ ಓದು ಬಾರದು, ಆದ್ದರಿಂದ ಒಂದೊಂದು ಪುಸ್ತಕದ ಅಂಚಿಗೂ ಒಂದೊಂದು ಬಣ್ಣದ ನೂಲು ಹೊಲಿದಿದ್ದಳು. ನನ್ನದು ಕೆಂಪು, ಮೇಸ್ತ್ರಿಯದು ಹಸಿರು, ಆಕೆಯದು ಬಿಳಿ. ಹದಿನೆಂಟು ಪುಸ್ತಕಗಳನ್ನು ಅರಿಸಿನದ ಬಟ್ಟೆಯಲ್ಲಿ ಕಟ್ಟಿ ಚಪ್ಪರದ ತೊಲೆಗೆ ತೂಗುಹಾಕಿದ್ದಳು.

ಆಕೆಯ ಕಟ್ಟಳೆ ಒಂದೇ. ಯಾರು ಬೇಕಾದರೂ ಪುಸ್ತಕ ಕೇಳಬಹುದು, ಆಕೆ ಇಲ್ಲವೆನ್ನುವುದಿಲ್ಲ. ಆದರೆ ಕೇಳಿದ ದಿನ ಕೊಡುವುದಿಲ್ಲ. ಮರುದಿನ ಮಧ್ಯಾಹ್ನ ಉಂಡ ಮೇಲೆ ಕೊಡುತ್ತಾಳೆ. "ಹಸಿದಾಗ ಕೇಳಿದ್ದು ಬ್ಯಾರೆ, ಉಂಡಮ್ಯಾಗೆ ಕೇಳಿದ್ದು ಬ್ಯಾರೆ" ಎನ್ನುತ್ತಿದ್ದಳು.

ಎರಡನೆಯ ವರ್ಷ ನಾನು ಕೇಳಿದೆ. ದುರ್ಗದಿಂದ ಒಬ್ಬ ವ್ಯಾಪಾರಿ ಜೇಬುಗಡಿಯಾರಗಳನ್ನು ತಂದಿದ್ದ. ಬೆಳ್ಳಿಯ ಮುಚ್ಚಳ, ಸರಪಳಿ. ಓವರ್‌ಸಿಯರ್ ಸಾಹೇಬರ ಬಳಿ ಅಂಥದ್ದೇ ಒಂದಿತ್ತು. ಹಾಜರಿ ಕೂಗುವ ಮುಂಚೆ ಜೇಬಿನಿಂದ ತೆಗೆದು ಮುಚ್ಚಳ ಟಕ್ಕೆಂದು ತೆರೆದು ನೋಡಿದರೆ ಕೂಲಿಗಳೆಲ್ಲ ಹೇಗೆ ಬೆರಗಾಗಬಹುದು ಎಂಬುದೇ ನನ್ನ ಕನಸು. ಆಕೆ "ನಾಳೆ" ಎಂದಳು. ನಾನು ಸಿಟ್ಟಿನಿಂದ ಸಂಜೆಯ ಊಟ ಬಿಟ್ಟೆ.

ಮರುದಿನ ಉಂಡ ಮೇಲೆ ಆಕೆ ಪುಸ್ತಕ ತೆಗೆದು ಕೈಯಲ್ಲಿಟ್ಟಳು. ಒಂದು ಬುದ್ಧಿಮಾತು ಹೇಳಲಿಲ್ಲ. "ದುಡ್ಡು ನಿಂದು, ತಗೋ. ನನಗೊಂದು ಕೆಲಸ ಮಾಡ್ಕೊಡ್ತೀಯೇನಪ್ಪ?"

"ಏನಮ್ಮ?"

"ಮಧ್ಯಾಹ್ನದ ಹಾಜರಿ ಕೂಗ್ತೀಯಲ್ಲ, ಇವತ್ತು ಹೆಸ್ರು ಕೂಗಿದ ಮ್ಯಾಲೆ ತಲೆ ಎತ್ತಿ ಮುಖ ನೋಡು. ಅರವತ್ತು ದಾಟಿದೋರು ಎಷ್ಟು ಜನ ಅವ್ರೆ, ಏನು ಹೊರ್ತಾರೆ, ಅಷ್ಟು ನೋಡ್ಕಂಡು ಬಾ. ನನಗೆ ತಿಳೀಬೇಕು."

ಅಲ್ಲಿಯವರೆಗೆ ನಾನು ಪುಸ್ತಕ ನೋಡಿ ಕೂಗುತ್ತಿದ್ದೆ. "ಹಾಜರ್" ಎಂಬ ದನಿ ಬಂದರೆ ಗುರುತು ಹಾಕುತ್ತಿದ್ದೆ. ಅವತ್ತು ತಲೆಯೆತ್ತಿದೆ. ಒಂಬತ್ತು ಜನರಿದ್ದರು. ದಿನವೂ ಗಟ್ಟಿಯಾಗಿ, ಎಲ್ಲರಿಗಿಂತ ಮೊದಲು "ಹಾಜರ್" ಎನ್ನುತ್ತಿದ್ದವನು ಎಪ್ಪತ್ತರ ಮುದುಕ. ನಾನು ಆ ದನಿಯಿಂದ ಅವನನ್ನು ಗಟ್ಟಿಗ ಯುವಕ ಎಂದುಕೊಂಡಿದ್ದೆ. ಸುಣ್ಣದ ಬುಟ್ಟಿ ಹೊತ್ತು ಏಣಿ ಹತ್ತುತ್ತಿದ್ದ. ಮೂರು ಮೆಟ್ಟಿಲಿಗೊಮ್ಮೆ ನಿಲ್ಲುತ್ತಿದ್ದ. ಮೇಲಿನಿಂದ ಯಾರಾದರೂ ನೋಡಿದರೆ, ಬುಟ್ಟಿ ಸರಿಮಾಡಿಕೊಳ್ಳಲೆಂದೇ ನಿಂತವನಂತೆ ನಟಿಸುತ್ತಿದ್ದ. ಹತ್ತಿರ ಹೋಗಿ, "ತಾತ, ಕೆಳಗೆ ಕೂತು ಮಾಡುವ ಕೆಲಸ ಕೇಳಬಾರದೆ?" ಎಂದೆ.

"ಬ್ಯಾಡ ಸ್ವಾಮಿ, ಅದಕ್ಕೆ ಕೂಲಿ ಕಮ್ಮಿ. ನಾನು ಗಟ್ಟಿ ಇದೀನಿ, ನೋಡ್ರಿ, ಹಾಜರ್ ಅಂತ ಹೆಂಗೆ ಕೂಗ್ತೀನಿ" ಎಂದು ಅವನು ಗಾಬರಿಯಿಂದ ಬುಟ್ಟಿ ಎತ್ತಿಕೊಂಡ.

ಸಂಜೆ ಪುಸ್ತಕವನ್ನು ಆಕೆಯ ಎದುರು ಇಟ್ಟೆ. ಆಕೆ ಏನೂ ಕೇಳದೆ ಕಟ್ಟಿ ತೊಲೆಗೆ ಹಾಕಿದಳು. ಆಮೇಲೆ ಮೆಲ್ಲಗೆ, "ಎಷ್ಟು ಜನ?" ಎಂದಳು. "ಒಂಬತ್ತು." "ಅವ್ರಿಗೆ ನಾಳೆಯಿಂದ ಮಜ್ಜಿಗೆ ನನ್ನ ಲೆಕ್ಕದಾಗೆ. ನೀನೇ ಕರ್ಕಂಡು ಬಾ." ಕಟ್ಟೆ ಮುಗಿಯುವವರೆಗೂ ಆ ಮಜ್ಜಿಗೆ ನಡೆಯಿತು.

ಆಕೆ ಇನ್ನೊಬ್ಬರಿಗೆ ಉಳಿಸಲು ಹೇಳಿ ತಾನು ಹಲ್ಲುಕಚ್ಚಿ ಬದುಕುತ್ತಿದ್ದವಳಲ್ಲ. ತನ್ನ ಮುಪ್ಪಿನ ಮಾತು ಬಂದರೆ ಆಕೆಯ ಮುಖ ಮದುವೆ ಗೊತ್ತಾದ ಹುಡುಗಿಯಂತೆ ಅರಳುತ್ತಿತ್ತು. ಮಧ್ಯಾಹ್ನ ಎಲ್ಲರೂ ಉಂಡೆದ್ದ ಮೇಲೆ ಕಾಲು ಚಾಚಿ ಕೂತು ಶುರುಮಾಡುತ್ತಿದ್ದಳು. ಬೇರೆ ಯಾರಾದರೂ ತಿರುವಿದ ಬಿಸಿ ಮುದ್ದೆಯನ್ನು ತಾನು ಕೂತು ಉಣ್ಣಬೇಕು. ಮನೆಗೆ ಮೂಡಣ ದಿಕ್ಕಿಗೆ ಒಂದು ಕಿಟಕಿ ಬೇಕು. ಕರೆಯೋ ಎಮ್ಮೆ ಒಂದು. ಗಾಡಿ ಕಟ್ಟಿಸಿಕೊಂಡು ಶ್ರೀಶೈಲಕ್ಕೆ ಹೋಗಿ ಬರಬೇಕು, ಅದೂ ಅವಸರವಿಲ್ಲದೆ, ಕಂಡ ಊರಲ್ಲೆಲ್ಲ ಇಳಿದು. ಎಲೆ ಅಡಿಕೆಯ ಚೀಲ ತನ್ನ ಸೊಂಟದಲ್ಲೇ ಇರಬೇಕು.

ಈ ಕೊನೆಯ ಮಾತನ್ನು ಆಕೆ ನಗದೆ ಹೇಳುತ್ತಿದ್ದಳು. ಗಂಡ ಸತ್ತ ಮೇಲೆ ಧರ್ಮಪುರದಲ್ಲಿ ಒಬ್ಬ ಸಾಹುಕಾರರ ತಾಯಿಯನ್ನು ನೋಡಿಕೊಳ್ಳುವ ಕೆಲಸಕ್ಕಿದ್ದಳಂತೆ. "ಮನೆ ತುಂಬ ಜನ, ಕಣಜದ ತುಂಬ ಜೋಳ. ಯಾರೂ ಆಯಮ್ಮನ್ನ ಬೈತಿರ್ಲಿಲ್ಲ. ಆದ್ರೆ ಎರಡು ಎಲೆ ಬೇಕಂದ್ರೂ ಸೊಸೆ ಒಲೆ ಬಿಟ್ಟು ಬರೋವರೆಗೂ ಕಾಯಬೇಕು. ಕೇಳೋಕೆ ನಾಚ್ಕಂಡು ಆಯಮ್ಮ ಎಲೆ ಹಾಕ್ಕಳೋದೇ ಬಿಟ್ಬಿಟ್ಳು. ಅವತ್ತೇ ಅಂದ್ಕಂಡೆ, ನನ್ನ ಮುಪ್ಪಿಗೆ ನಾನೇ ಯಜಮಾನಿ ಆಗ್ಬೇಕು ಅಂತ."

ಎಷ್ಟು ವರ್ಷಕ್ಕೆ ಬೇಕು ಎಂಬುದೂ ಆಕೆಗೆ ಗೊತ್ತಿತ್ತು. ಕಟ್ಟೆ ಮುಗಿದ ದಿನ ಒಲೆ ಆರಿಸುವುದು, ಎಪ್ಪತ್ತರವರೆಗೆ ಬದುಕುವುದು. "ಈ ಜನ ಎಲ್ಲ ಕಟ್ಟೆ ಕೆಲಸ ಯಾವತ್ತೂ ಮುಗಿಯಲ್ಲ ಅನ್ನೋ ಹಂಗೆ ಖರ್ಚು ಮಾಡ್ತಾರೆ. ಗೋಡೆ ದಿನಾ ಕಾಣ್ತೈತಲ್ಲ, ಎಷ್ಟು ಬಂತು, ಇನ್ನೆಷ್ಟು ಐತೆ ಅಂತ!" ಗೋಡೆ ಒಂದೊಂದು ವರಸೆ ಏರಿದಾಗಲೂ ಆಕೆ ಉತ್ಸಾಹದಿಂದ ನೋಡಿಬರುತ್ತಿದ್ದಳು. ಮಿಕ್ಕವರಿಗೆ ಅದು ಕೆಲಸ ಕಮ್ಮಿಯಾಗುವ ಭಯ; ಆಕೆಗೆ ತನ್ನ ಬಿಡುವು ಹತ್ತಿರವಾಗುವ ಹಿಗ್ಗು.

ಇನ್ನೊಂದು ವಿಚಿತ್ರ ಅಭ್ಯಾಸವಿತ್ತು. ತಿಂಗಳಿಗೊಂದು ದಿನ, ಬಟವಾಡೆಯ ರಜೆಯ ಮಧ್ಯಾಹ್ನ, ಹಿರಿಯೂರಿನಿಂದ ಬಂದವಳೇ ಒಲೆ ಹಚ್ಚದೆ ಬೇವಿನ ಮರದಡಿಯ ಚಪ್ಪಡಿಯ ಮೇಲೆ ಕೂತುಬಿಡುತ್ತಿದ್ದಳು. ಏನೂ ಮಾಡುವಂತಿಲ್ಲ. ಮೊದಮೊದಲು ಅರ್ಧ ಗಳಿಗೆಗೆ ಎದ್ದು ಕಸಬರಿಕೆ ಹಿಡಿಯುತ್ತಿದ್ದಳಂತೆ. ಮೇಸ್ತ್ರಿ, "ಏನಮ್ಮ, ಯಾವ ದೇವ್ರ ತಪಸ್ಸು?" ಎಂದು ಕೆಣಕುತ್ತಿದ್ದ.

"ಕುಂತ್ಕಳೋದು ಕಲೀತಾ ಇದೀನಪ್ಪ. ದುಡ್ಡು ಕೂಡಿಟ್ರೆ ಸಾಲಲ್ಲ. ನಾಳೆ ಬಿಡುವು ಸಿಕ್ಕಿದ ದಿನ ಕೈ ಸುಮ್ಕಿರಕೆ ಬರದಿದ್ರೆ ಆ ದುಡ್ಡು ತಗಂಡು ಏನು ಮಾಡ್ಲಿ?"

ನಾನಿದ್ದ ಮೂರನೆಯ ವರ್ಷಕ್ಕೆ ಇಡೀ ಮಧ್ಯಾಹ್ನ ಕೂರುವಷ್ಟು ಪಳಗಿದ್ದಳು.

ಕಟ್ಟೆಯ ಕೆಳಗೆ ಕಾಲುವೆ ತೆಗೆಯಲು ಅಳತೆಯವರು ಗೂಟ ಹೊಡೆಯಲಾರಂಭಿಸಿದ್ದು ಅದರ ಮರುವರ್ಷ. ಒಂದು ರಜೆಯ ದಿನ ಆಕೆ, "ಗುಮಾಸ್ತ, ನನ್ನ ಜೊತೆ ಬಾ, ಹರಿವಾಣ ಹೊರಬೇಕು" ಎಂದಳು. ನಾನು ಕಾಲುವೆಯ ನಕ್ಷೆಯ ವಿಷಯ ಕೇಳುತ್ತಾಳೇನೋ ಎಂದು ಹೆದರಿ, "ಆ ಕಾಗದ ನಾನು ನೋಡಿಲ್ಲಮ್ಮ" ಎಂದೆ. "ಕಾಗದ ಯಾಕೆ? ಗೂಟನ ಎಲ್ಲರ ಕಣ್ಣಿಗೂ ಕಾಣೋ ಹಂಗೆ ಬಯಲಾಗೆ ಹೊಡ್ದವ್ರೆ. ನೋಡೋರು ಯಾರೂ ಇಲ್ಲ ಅಷ್ಟೆ."

ಬುತ್ತಿ ಕಟ್ಟಿಕೊಂಡು, ಗೂಟದಿಂದ ಗೂಟಕ್ಕೆ ನಡೆದೆವು. ಹಿರಿಯೂರು ದಾಟಿ ಆದಿವಾಲದ ದಿಕ್ಕಿಗೆ, ಜಾಲಿ, ಲಂಟಾನ, ಬಿಳಿ ಕಲ್ಲಿನ ಬಯಲು. ಒಂದು ದಿಬ್ಬದ ಬುಡದಲ್ಲಿ ಕಲ್ಲುಕಲ್ಲಾದ ಒಣ ಹೊಲ. ಗೂಟಗಳು ದಿಬ್ಬವನ್ನು ಸುತ್ತು ಹಾಕಿಕೊಂಡು ಹೊಲದ ಮೇಲ್ಭಾಗದಲ್ಲೇ ಹೋಗಿದ್ದವು. ಆಕೆ ಗೂಟದ ಪಕ್ಕ ಒಂದು ಗುಂಡುಕಲ್ಲಿಟ್ಟು, ಅದರ ಮೇಲೆ ಹರಿವಾಣವಿಟ್ಟು, ಅದಕ್ಕೆ ಬಿಂದಿಗೆಯಲ್ಲಿ ತಂದಿದ್ದ ನೀರನ್ನು ಅಂಚಿನವರೆಗೆ ತುಂಬಿದಳು. ಸಣ್ಣ ಚೂರುಕಲ್ಲು ಕೊಟ್ಟು, ನೀರು ಎಲ್ಲ ಕಡೆ ಅಂಚಿಗೆ ಸಮನಾಗಿ ನಿಲ್ಲುವವರೆಗೆ ಸರಿಮಾಡಿದಳು. ಆಮೇಲೆ ಮಂಡಿಯೂರಿ, ಗಲ್ಲವನ್ನು ಹರಿವಾಣದ ಅಂಚಿಗೆ ತಾಗಿಸುವಷ್ಟು ಬಗ್ಗಿ, ಒಂದು ಕಣ್ಣು ಮುಚ್ಚಿ ನೀರಿನ ಮೇಲಿಂದ ಹೊಲದ ಕಡೆ ನೋಡಿದಳು.

"ಬಾ, ನೋಡು! ಬೇಗ ಬಾರಪ್ಪ!"

ನಾನೂ ಬಗ್ಗಿ ನೋಡಿದೆ. ನೀರಿನ ಗೆರೆ ನೇರ ಹೋಗಿ ಹೊಲದ ಮೇಲೆ ಗಾಳಿಯಲ್ಲಿ ತೇಲುತ್ತಿತ್ತು. ಹೊಲದ ಎಲ್ಲ ಮೂಲೆಯೂ ಅದಕ್ಕಿಂತ ಕೆಳಗೆ. "ಅಮ್ಮ, ನೀರು ಇಳಿದು ಬರುತ್ತೆ!"

"ಬರ್ತೈತೆ! ಕರೆಯೋದೇ ಬ್ಯಾಡ, ತಾನೇ ಬರ್ತೈತೆ!" ಆಕೆ ಹರಿವಾಣದ ನೀರನ್ನು ನನ್ನ ತಲೆಯ ಮೇಲೆ ಸುರಿದು ನಗತೊಡಗಿದಳು.

ಹೊಲದ ಒಡೆಯ ಕುರಿ ಸಾಕುವ ಗೌಡ. ಇಪ್ಪತ್ತು ಎಕರೆ ಇತ್ತು. ಕುರಿ ಕೊಳ್ಳಲು ದುಡ್ಡು ಬೇಕಾಗಿದ್ದರಿಂದ ಮೂರು ಎಕರೆ ಮಾರಲು ತಾನೇ ಹುಡುಕುತ್ತಿದ್ದ. ಆಕೆ ಬೆಲೆಯ ಮಾತಿಗೆ ಮುಂಚೆ ಅವನನ್ನು ಗೂಟದ ಹತ್ತಿರ ನಿಲ್ಲಿಸಿ ಹೇಳಿದಳು: "ನೋಡು ಗೌಡ, ಕಾಲುವೆ ಇಲ್ಲಿ ಹೋಗ್ತೈತೆ. ನೀರು ಬಂದ್ರೆ ಈ ಹೊಲಕ್ಕೆ ಹತ್ತರಷ್ಟು ಬೆಲೆ. ತಿಳ್ಕಂಡು ಮಾರು, ಆಮೇಲೆ ನನ್ನ ಬೈಕಬ್ಯಾಡ."

ಗೌಡ ಹೊಟ್ಟೆ ಹಿಡಿದು ನಕ್ಕ. "ಹೊಳೆ ಅಷ್ಟು ದೂರದಾಗೈತೆ, ದಿಬ್ಬ ಸುತ್ಕಂಡು ಇಲ್ಲಿಗೆ ಬರ್ತದೇನಮ್ಮ? ನನ್ನಜ್ಜನ ಕಾಲದಿಂದ ಇಲ್ಲಿ ಹುಲ್ಲು ಸೈತ ನೆಟ್ಟಗೆ ಬೆಳೆದಿಲ್ಲ. ನಿನ್ನ ದುಡ್ಡು ನೀನೇ ಹಾಳು ಮಾಡ್ಕಂತೀಯ."

"ಹಂಗಾದ್ರೆ ಉಳಿದಿದ್ದನ್ನಾದ್ರೂ ಮಾರಬ್ಯಾಡ. ಇಷ್ಟು ಮಾತು ಕೊಡು."

ಮಾತು ಕೊಟ್ಟ. ಹಿರಿಯೂರಿನಲ್ಲಿ ಪತ್ರವಾಯಿತು. ಬಿಳಿ ನೂಲಿನ ಪುಸ್ತಕದಲ್ಲಿ ಇದ್ದುದರಲ್ಲಿ ಮುಕ್ಕಾಲು ಪಾಲು ಆ ಕಲ್ಲುಹೊಲಕ್ಕೆ ಹೋಯಿತು. ಕ್ಯಾಂಪಿನಲ್ಲೆಲ್ಲ ಅದೇ ಮಾತು. ಕಟ್ಟೆ ಮೊದಲ ಮಳೆಗೇ ಒಡೆದುಹೋಗುತ್ತದೆ ಎನ್ನುವವರು, ಹೆಂಗಸಿಗೆ ಹೊಲ ಯಾಕೆ ಎನ್ನುವವರು. ಮೇಸ್ತ್ರಿ ಮಾತ್ರ ಕಟ್ಟೆ ಒಡೆಯುವ ಮಾತಿಗೆ ಕೆರಳುತ್ತಿದ್ದ. "ನಾನು ಇಟ್ಟ ಕಲ್ಲು ಲೇ ಅದು!"

ಪತ್ರವಾಗಿ ಎರಡು ತಿಂಗಳಿರಬೇಕು. ಗೌಡ ಓಡೋಡಿ ಬಂದ. "ಅಮ್ಮ, ಗೂಟ ಎಲ್ಲ ಕಿತ್ತವ್ರೆ! ಒಂದೂ ಇಲ್ಲ!"

ಆಕೆ ಮುದ್ದೆ ಕೋಲು ಹಿಡಿದವಳು ಹಾಗೇ ನಿಂತಳು. ನೀರು ಇಳಿದು ಬರುತ್ತದೆ ಎಂದು ಕೂಗಿದವನು ನಾನೂ ತಾನೆ? ಆಕೆ ಮತ್ತೆ ತಿರುವತೊಡಗಿದಳು. "ಉಣ್ಣೋರು ಕಾಯ್ತಾ ಅವ್ರೆ. ಮೊದಲು ಇದಾಗ್ಲಿ." ಎಲ್ಲರಿಗೂ ಬಡಿಸಿ ಕೈ ತೊಳೆದುಕೊಂಡ ಮೇಲೆ, "ಗೂಟ ಹೋದ್ರೆ ಹೊಲ ಎದ್ದು ಹೋಗಲ್ಲ. ನೀರು ಬರದಿದ್ರೆ ಹುರುಳಿ ಬಿತ್ತೋದು, ಇನ್ನೈದು ವರ್ಷ ಬ್ಯಾರೆ ಕಡೆ ಒಲೆ ಹೂಡೋದು. ಅದಕ್ಕೂ ನಾಲ್ಕು ಕಾಸು ಮಿಗಿಸಿ ಇಟ್ಟಿದೀನಿ" ಎಂದಳು. ಆ ಮಾತು ಹೇಳುತ್ತ, ಆಗಲೇ ತೊಳೆದಿದ್ದ ಕೈಯನ್ನು ಮತ್ತೆ ತೊಳೆದುಕೊಂಡಳು.

ಮರುದಿನ ಮೇಸ್ತ್ರಿಯೂ ನಾನೂ ರಜೆ ಬೇಡಿ ಆಕೆಯ ಜೊತೆ ಹೋದೆವು. ಗೂಟಗಳಿದ್ದ ಕಡೆ ತೂತುಗಳು ಮಾತ್ರ. ಆಕೆ ಹೊಲದ ಬದುವಿನ ಮೇಲೆ ಕೂತಳು. ಮೇಸ್ತ್ರಿ ದಿಬ್ಬ ಹತ್ತಿದ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಅವನ ಕೂಗು: "ಅಮ್ಮೋ! ಇಲ್ಲೇ ಅವೆ! ಇಲ್ಲೇ ಅವೆ ಕಣಮ್ಮೋ ಗೂಟ!" ಅಳತೆಯವರು ಗಟ್ಟಿ ನೆಲ ಹುಡುಕಿ ಸಾಲನ್ನು ಹತ್ತು ಮಾರು ಮೇಲಕ್ಕೆ ಸರಿಸಿದ್ದರು. ಮೇಲಕ್ಕೆ! ನೀರು ಇನ್ನೂ ಎತ್ತರದಿಂದ ಇಳಿಯುತ್ತದೆ. ಆ ಉರಿಬಿಸಿಲಿನಲ್ಲಿ ನಾವು ಮೂವರೂ ಲಂಟಾನದ ನಡುವೆ ಕುಣಿದಾಡಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ.

ಕಟ್ಟೆ ಮುಗಿಯಿತು. ಆಕೆ ಕೊನೆಯ ದಿನ ಹೋಳಿಗೆ ಊಟ ಹಾಕಿ ಒಬ್ಬೊಬ್ಬರ ಪುಸ್ತಕವನ್ನೂ ಅವರವರ ಕೈಗೆ ಕೊಟ್ಟಳು. ಹದಿನೆಂಟರಲ್ಲಿ ಮೂವರು ನಡುವೆ ತೆಗೆದು ಖಾಲಿ ಮಾಡಿಕೊಂಡಿದ್ದರು. ಅವರಿಗೂ ಖಾಲಿ ಪುಸ್ತಕವನ್ನೇ ಕೊಟ್ಟು, "ವಯಸ್ಸು ಇನ್ನೂ ಐತೆ, ಮತ್ತೆ ಶುರುಮಾಡ್ರಿ" ಎಂದಳು. ಮರುದಿನ ಬೆಳಿಗ್ಗೆ ಒಲೆಗೆ ನೀರು ಹಾಕಿ, ಅದರ ಬೂದಿಯನ್ನು ಹಣೆಗೆ ಹಚ್ಚಿಕೊಂಡು ಹೊರಟಳು.

ಕಾಲುವೆಗೆ ನೀರು ಬಿಡುವ ದಿನ ನಾನು ಎಲ್ಲಿದ್ದರೂ ಬರುವುದಾಗಿ ಮಾತು ಕೊಟ್ಟಿದ್ದೆ. ಅಷ್ಟರಲ್ಲಿ ಹೊಸದುರ್ಗದ ತಾಲ್ಲೂಕು ಕಚೇರಿಯಲ್ಲಿ ನನಗೆ ಕೆಲಸವಾಗಿತ್ತು. ಬಂದೆ. ಒಣ ಕಾಲುವೆಯ ಎರಡೂ ಬದಿಯಲ್ಲಿ ಜಾತ್ರೆಯಷ್ಟು ಜನ. ಕಸಕಡ್ಡಿ, ನೊರೆ, ಒಣಗಿದ ಎಲೆಗಳನ್ನು ತಳ್ಳಿಕೊಂಡು ನೀರಿನ ತಲೆ ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಬರುತ್ತಿತ್ತು. ಅದರ ಮುಂದೆ, ಕಾಲುವೆಯ ಒಳಗೇ, ಸೀರೆ ಎತ್ತಿ ಕಟ್ಟಿಕೊಂಡು ಐವತ್ತೆರಡರ ಊಟದಮ್ಮ ಹಿಂದೆ ತಿರುಗಿ ನೋಡುತ್ತ ನೋಡುತ್ತ ಓಡುತ್ತಿದ್ದಳು! "ಬಾರಪ್ಪ, ಬಾ, ಬಾ" ಎಂದು ಕೈಬೀಸಿ ನೀರನ್ನು ಕರೆಯುತ್ತಿದ್ದಳು. ದಂಡೆಯ ಮೇಲೆ ನಾನು, ಮೇಸ್ತ್ರಿ, ಗೌಡ.

ದಿಬ್ಬದ ತಿರುವಿನಲ್ಲಿ ಒಂದು ತಗ್ಗು. ನೀರು ಅಲ್ಲಿಗೆ ಬಂದು ನಿಂತಿತು. ಮುಂದೆ ಬರಲೇ ಇಲ್ಲ. ಗೌಡ ತುಟಿ ಕಚ್ಚಿದ. "ಹೇಳಿದ್ನಲ್ಲ, ದಿಬ್ಬ ಸುತ್ತಲ್ಲ ಅಂತ." ಈ ಸಲ ಅವನ ಮಾತಿನಲ್ಲಿ ನಗುವಿರಲಿಲ್ಲ, ಅವನ ಹದಿನೇಳು ಎಕರೆಯೂ ಅದೇ ತಿರುವಿನ ಆಚೆ ಇತ್ತು. ತಗ್ಗು ನಿಧಾನವಾಗಿ ತುಂಬುತ್ತ ಬಂತು. ಒಂದು ಒಣ ಎಲೆ ನೀರಿನ ಮೇಲೆ ಸುಮ್ಮನೆ ಸುತ್ತುತ್ತಿತ್ತು. ನೋಡನೋಡುತ್ತಿದ್ದಂತೆ ಅದು ಸುತ್ತುವುದನ್ನು ಬಿಟ್ಟು, ಮೆಲ್ಲಗೆ ಮುಂದಕ್ಕೆ ಹೊರಟಿತು. ತಿರುವು ದಾಟಿತು. ಹಿಂದೆಯೇ ನೀರು ಬುಳುಬುಳು ಸದ್ದು ಮಾಡುತ್ತ ನುಗ್ಗಿ, ತೂಬಿನ ಬಾಯಿಂದ ಆಕೆಯ ಹೊಲಕ್ಕೆ ಇಳಿಯಿತು. ಅಷ್ಟು ಕಾಲ ಬಾಯಾರಿದ್ದ ನೆಲ ಮೊದಲ ನೀರನ್ನು ಸದ್ದು ಮಾಡುತ್ತ ಕುಡಿದದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಗೌಡ ಅಲ್ಲೇ ಕೂತು ಅಳತೊಡಗಿದ. ಊಟದಮ್ಮ ಮೊಣಕಾಲುದ್ದ ಕೆಸರಿನಲ್ಲಿ ನಿಂತು ನಗುತ್ತಿದ್ದಳು.

ಗೌಡನ ಮನೆಯವರೇ ಆಕೆಯ ಹೊಲವನ್ನು ಅರ್ಧ ಪಾಲಿಗೆ ಮಾಡಿದರು. ಭತ್ತ, ಕಬ್ಬು. ನೀರಿನ ಜೊತೆ ಚಳಿಜ್ವರವೂ ಬಂತು. ಆಕೆ ಅದನ್ನೂ ಕೇಳಿ ತಿಳಿದುಕೊಂಡು ಮನೆಯನ್ನು ಹೊಲದಲ್ಲಿ ಕಟ್ಟದೆ ದಿಬ್ಬದ ಮೇಲೆ, ಗಾಳಿಗೆ ಕಟ್ಟಿಸಿದಳು. ಮೂಡಣಕ್ಕೆ ಕಿಟಕಿ. ಅಡುಗೆಗೆ ಮಾಡದಕೆರೆಯ ಕಡೆಯ ಒಬ್ಬ ಹೆಂಗಸನ್ನು ಸಂಬಳಕ್ಕೆ ಇಟ್ಟುಕೊಂಡಳು. ಅವಳು ತಿರುವಿದ ಮೊದಲ ಮುದ್ದೆಯಲ್ಲಿ ಗಂಟುಗಳಿದ್ದವು. ಊಟದಮ್ಮ ಒಂದು ಮಾತಾಡದೆ ಪೂರ್ತಿ ಉಂಡು, "ಅಮೃತ" ಎಂದಳಂತೆ. ಶ್ರೀಶೈಲಕ್ಕೆ ಹೋದವಳು ತಿರುಗಿ ಬಂದದ್ದು ಮೂರು ತಿಂಗಳಿಗೆ.

ನನ್ನ ಮದುವೆಗೆ ಹೊಸದುರ್ಗಕ್ಕೆ ಬಂದಾಗ ಆಕೆ ಮದುಮಗಳ ಕೈಗೆ ಉಡುಗೊರೆಯಾಗಿ ಕೊಟ್ಟದ್ದು ಒಂದು ಹೊಸ ಅಂಚೆ ಪುಸ್ತಕ. ಅದಕ್ಕೆ ಹಳದಿ ನೂಲು ಹೊಲಿದಿದ್ದಳು. ಒಳಗೆ ಎರಡು ರೂಪಾಯಿ ಜಮೆ. "ಇದು ನಿನ್ನ ಹೆಸ್ರಲ್ಲೇ ಐತೆ ಮಗಳೇ. ಇವ್ನ ಪುಸ್ತಕದ ಜೊತೆ ಸೇರಿಸಬ್ಯಾಡ. ಇವ್ನು ಒಳ್ಳೇನೇ. ಆದ್ರೂ ನೀನು ಮುದುಕಿ ಆದಾಗ ಇವ್ನನ್ನ ಕೇಳೋ ಹಂಗಿರಬಾರ್ದು." ನೆಂಟರೆದುರು ನನ್ನ ಮುಖ ಕೆಂಪಾಗಿತ್ತು. ನನಗೆ ಕಾಯಿಲೆಯಾಗಿ ಏಳು ತಿಂಗಳು ಸಂಬಳವಿಲ್ಲದೆ ಮಲಗಿದ್ದ ವರ್ಷ ನಮ್ಮ ಮನೆ ನಡೆದದ್ದು ಆ ಹಳದಿ ನೂಲಿನ ಪುಸ್ತಕದಿಂದ. ಆಗ ನನ್ನ ಹೆಂಡತಿಯನ್ನು ನಾನು ಕೇಳಬೇಕಾಯಿತು. ಅವಳು ಮರುದಿನದವರೆಗೂ ಕಾಯಿಸಲಿಲ್ಲ.

ಆಕೆಯನ್ನು ಕೊನೆಯ ಸಲ ನೋಡಿದಾಗ ಎಪ್ಪತ್ತೆರಡು. ಜಗಲಿಯ ಮೇಲೆ ಗೋಡೆಗೊರಗಿ ಕೂತಿದ್ದಳು. ನನ್ನನ್ನು ಕಂಡವಳೇ ಗುಟ್ಟು ಹೇಳುವವಳಂತೆ ಕರೆದು, "ಎಪ್ಪತ್ತಕ್ಕೆ ಅಂತ ಹೊಂಚಿದ್ದೆ ಕಣಪ್ಪ. ಎರಡು ವರ್ಷ ಹೆಚ್ಚು ಬಂದೈತೆ. ದುಡ್ಡೂ ಮಿಕ್ಕೈತೆ. ಏನು ಮಾಡಾಣ ಹೇಳು?" ಎಂದಳು. ಏನು ಮಾಡಬೇಕೆಂಬುದು ಆಗಲೇ ತೀರ್ಮಾನವಾಗಿತ್ತು. ಹೊಲ ಮನೆ ಎರಡನ್ನೂ ಅಡುಗೆಯ ಹೆಂಗಸಿನ ಹೆಸರಿಗೆ ಬರೆಯಲು ನನ್ನಿಂದಲೇ ಕಾಗದ ಬರೆಸಿದಳು. ಆ ವರ್ಷದ ಸುಗ್ಗಿ ಮುಗಿದ ಮೇಲೆ ಒಂದು ಮಧ್ಯಾಹ್ನ ಉಂಡು ಮಲಗಿದವಳು ಏಳಲಿಲ್ಲ.

ಹನ್ನೊಂದನೆಯ ದಿನದ ದಾಸೋಹಕ್ಕೆ ಹೋದೆ. ಅಡುಗೆಯ ಹೆಂಗಸು ಕಾಗದ ಹಾಕಿಸಿದ್ದು ನಾಲ್ವರಿಗೆ ಮಾತ್ರ. ಅವರು ಮಿಕ್ಕವರಿಗೆ ಹೇಳಿ ಕಳಿಸಿದ್ದರು. ದುರ್ಗದಿಂದ, ಧರ್ಮಪುರದಿಂದ, ಹೊಳಲ್ಕೆರೆಯಿಂದ, ಇನ್ನೂ ದೂರದಿಂದ, ಒಬ್ಬೊಬ್ಬರಾಗಿ ಬಂದರು. ಆ ನೂಲಿನ ಪುಸ್ತಕದವರಲ್ಲಿ ಬದುಕಿದ್ದ ಹದಿನಾಲ್ಕು ಮಂದಿಯೂ ಬಂದರು. ಕೆಲವರು ಮೋಟಾರು ಬಸ್ಸಿನಲ್ಲಿ, ಕೆಲವರು ಸ್ವಂತ ಗಾಡಿಯಲ್ಲಿ. ಮೇಸ್ತ್ರಿಗೆ ಅರವತ್ತು ದಾಟಿತ್ತು. ಸುತ್ತಿಗೆ ಬಿಟ್ಟು ದುರ್ಗದಲ್ಲಿ ಎರಡು ಮನೆ ಬಾಡಿಗೆಗೆ ಕೊಟ್ಟಿದ್ದ. ಪಂಕ್ತಿಯಲ್ಲಿ ಕೂತು ಆ ಕಡೆಯಿಂದ ಈ ಕಡೆಯವರೆಗೆ ನೋಡಿದ. ಎಲ್ಲರ ಮೈಮೇಲೆ ಒಗೆದ ಬಟ್ಟೆ, ಕಾಲಲ್ಲಿ ಕೆರ.

"ಗುಮಾಸ್ತ್ರೇ," ಎಂದ, "ಇಲ್ಲಿಗೆ ಬರಾಕೆ ಯಾರಾದ್ರೂ ಮಗನ ಹತ್ರ ಕಾಸು ಕೇಳಿ ಬಂದವ್ರಾ, ಕೇಳಿ ನೋಡ್ರಿ."

ಕೇಳಿದೆ. ಒಬ್ಬನೂ ಇರಲಿಲ್ಲ.